ಸುಗ್ರೀವನ ಸಂಶಯವೂ ಗುರಿಯ ಬಂದೂಕೂ

ಗಂಗಾವತಿ ತಾಲೂಕಿನ ಆನೆಗೊಂದಿಯ ಸುತ್ತಣ ಕಲ್ಲುಗುಡ್ಡಗಳ ಸೀಮೆಯೇ ರಾಮಾಯಣದ ಕಿಷ್ಕಿಂಧೆಯೆಂಬುದು ಈ ಪ್ರಾಂತದ ಜನರ ಪರಂಪರಾಗತವಾದ ನಂಬಿಕೆ. ಆ ಕಿಷ್ಕಿಂಧೆಯಲ್ಲಿ ನಡೆದುದಾಗಿ ವಾಲ್ಮೀಕಿ ಮುನಿಗಳು ವರ್ಣಿಸಿದ ಸಂಗತಿಗಳಲ್ಲಿ ಒಂದನ್ನು ಪುರಾಣ ಹೇಳುವವರು ಸಾಮಾನ್ಯವಾಗಿ ಬೇಗನೆ ದಾಟಿ ಹೋಗುವರು. ಗುರಿಯ ವಿದ್ಯೆಯನ್ನು ಕಲಿಯತಕ್ಕವರಾದರೋ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ವಾಲಿಯನ್ನು ಕೊಲ್ಲುವೆನೆಂದು ಶ್ರೀರಾಮನು ಮಾತು ಕೊಟ್ಟ ಮೇಲೂ ಸುಗ್ರೀವನ ಸಂಶಯ ತೀರಲಿಲ್ಲ. ಸ್ನೇಹಕ್ಕೆ ಅಗ್ನಿಯು ಸಾಕ್ಷಿಯಾಗಿತ್ತು. ಆದರೆ ಬಾಣದ ಬಲಕ್ಕೆ ಬೇರೊಂದು ಸಾಕ್ಷಿ ಬೇಕಾಗಿತ್ತು. ದುಂದುಭಿಯೆಂಬ ರಾಕ್ಷಸನ ಎಲುಬಿನ ರಾಶಿಯನ್ನು ತೋರಿಸಿ, ಇದನ್ನು ವಾಲಿಯು ಎತ್ತಿ ಎಸೆದಿದ್ದನೆಂದು ಅವನು ಹೇಳಿದನು. ರಾಮನು ಕಾಲಿನ ಹೆಬ್ಬೆರಳಿನಿಂದಲೇ ಅದನ್ನು ಹತ್ತು ಯೋಜನ ದೂರಕ್ಕೆ ಚಿಮ್ಮಿದನು. ಅಷ್ಟಕ್ಕೂ ಸುಗ್ರೀವನು ಒಪ್ಪಲಿಲ್ಲ. ವಾಲಿಯು ಎಸೆದಾಗ ಅದು ರಕ್ತಮಾಂಸಗಳಿಂದ ತುಂಬಿದ ಹಸಿಯ ದೇಹವಾಗಿತ್ತು, ವಾಲಿಯೂ ಯುದ್ಧಮಾಡಿ ದಣಿದಿದ್ದನು, ಈಗ ಅದು ಒಣಗಿ ಹಗುರವಾಗಿದೆ, ಇದರಿಂದ ಯಾರ ಬಲ ಹೆಚ್ಚೆಂಬುದು ತಿಳಿಯಲಾರದು ಎಂಬುದು ಅವನ ಆಕ್ಷೇಪ. ಒಂದೇ ಬಾಣವು ಏಳು ಸಾಲವೃಕ್ಷಗಳನ್ನು ಭೇದಿಸಿ ಹೋದ ಬಳಿಕವೇ ಅವನ ಮನಸ್ಸು ತಿಳಿಯಾಯಿತು.

ಸುಗ್ರೀವನ ಈ ನಡತೆಯನ್ನು ಅಲ್ಪವಿಶ್ವಾಸವೆಂದು ಹಳಿಯುವವರುಂಟು. ಆದರೆ ಪಣಕ್ಕೆ ಬಿದ್ದುದು ಅವನ ಪ್ರಾಣವೆಂಬುದನ್ನು ಮರೆಯಲಾಗದು. ಅವನ ಆಕ್ಷೇಪದಲ್ಲಿ ತರ್ಕಶಾಸ್ತ್ರದ ಒಂದು ಮುಖ್ಯ ತತ್ತ್ವವೂ ಅಡಗಿದೆ. ಎರಡು ವಸ್ತುಗಳ ತಾರತಮ್ಯವನ್ನು ಅಳೆಯಬೇಕಾದರೆ ಮಿಕ್ಕ ಸಂದರ್ಭಗಳೆಲ್ಲ ಸಮಾನವಾಗಿರಬೇಕು. ಒಂದೊಮ್ಮೆ ಹಸಿಯದು, ಇನ್ನೊಮ್ಮೆ ಒಣಗಿದ್ದು ಎಂದಾದರೆ ಪರೀಕ್ಷೆಯೇ ಪರೀಕ್ಷೆಯಲ್ಲ. ಕಾಗದದ ಮೇಲಿನ ಗುರಿಗೆ ಗುಂಡು ಹೊಡೆಯುವ ಕ್ರೀಡೆಗಾಗಿ ಬಂದೂಕನ್ನು ಆರಿಸತಕ್ಕವರಿಗೆ ಇದಕ್ಕಿಂತ ಹೆಚ್ಚಿನ ಮಾರ್ಗದರ್ಶನ ಬೇಕಿಲ್ಲ.

ಕೊಪ್ಪಳ ಸೀಮೆಗೆ ಬಂದೂಕಿನ ಪರಿಚಯ ಹೊಸದಲ್ಲ; ಆದರೆ ಆ ಪರಿಚಯ ಸುಖದ್ದೂ ಅಲ್ಲ. ಟಿಪ್ಪು ಸುಲ್ತಾನನು ೧೭೮೬ರಲ್ಲಿ ಕೊಪ್ಪಳದ ಕೋಟೆಯನ್ನು ಪಾಳೆಯಗಾರನಿಂದ ಪಡೆದು ಫ್ರೆಂಚರ ನೆರವಿನಿಂದ ಬಲಪಡಿಸಿದನು. ೧೭೯೦ರಲ್ಲಿ ಇಂಗ್ಲಿಷರೂ ನಿಜಾಮನೂ ಕೂಡಿ ಅದಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಹೆಣಗಬೇಕಾಯಿತು. ೧೮೫೭ರಲ್ಲಿ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಕುಂಪಣಿ ಸರಕಾರವು ಜಾರಿಗೆ ತರಲಾಗಿ, ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕೆ ಮಣಿಯದೆ ಪ್ರಾಣ ತೆತ್ತರು. ಮರುವರ್ಷ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿಯೇ ಕಾದು ಮಡಿದನು. ೧೯೪೮ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಮನೆಮಠ ಬಿಟ್ಟು ತುಂಗಭದ್ರೆಯ ಆಚೆಗೆ ಓಡಿದವರ ಕಥೆಯನ್ನು ಯಲಬುರ್ಗಿ ಕುಷ್ಟಗಿಗಳ ಹಿರಿಯರಿಂದ ಕೇಳದ ಮನೆಯಿಲ್ಲ. ಹೀಗಿರಲಾಗಿ, ಸುಶಿಕ್ಷಿತ ಕುಟುಂಬವೊಂದರಲ್ಲಿ ಬಂದೂಕಿನ ಮಾತೆತ್ತಿದೊಡನೆ ಹಿರಿಯರ ಮುಖ ಕಪ್ಪಿಡುವುದು ಆಶ್ಚರ್ಯವಲ್ಲ. ಆ ಭಯವನ್ನು ಹಾಸ್ಯಮಾಡಲಾಗದು. ಭಯವು ಎಚ್ಚರಿಕೆಯಾಗಿ ಪರಿಣಮಿಸಿದರೆ ಅದು ಗುರಿಕಾರನಿಗೆ ಮೊದಲನೆಯ ಗುಣವೇ ಆಗುವುದು.

ಇಲ್ಲಿ ಪ್ರಸ್ತಾಪಿಸಿದ ಬಂದೂಕು ಮಾತ್ರ ಯುದ್ಧದ್ದಲ್ಲ, ಬೇಟೆಯದೂ ಅಲ್ಲ. ಅದರ ನಳಿಗೆಯ ಒಳಗಲವು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು, ಎಂದರೆ ಸುಮಾರು ೫.೬ ಮಿಲಿಮೀಟರು, ಆದುದರಿಂದಲೇ ಅದಕ್ಕೆ ‘ಪಾಯಿಂಟ್ ಟೂ ಟೂ’ ಎಂಬ ಹೆಸರು. ಇದರ ಕಾಡತೂಸಿಗೆ ರಿಮ್‌ಫೈರ್ ಎನ್ನುವರು. ದೊಡ್ಡ ಕಾಡತೂಸುಗಳಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವಿನ ಚಿಕ್ಕ ಬಟ್ಟಲಿನಲ್ಲಿರುವುದು. ಇದರಲ್ಲಾದರೋ ಅದು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುವುದು. ಬಂದೂಕಿನ ಮೊಳೆಯು ಆ ಅಂಚನ್ನು ಜಜ್ಜಿದೊಡನೆ ಮದ್ದು ಸಿಡಿಯುವುದು. ಫ್ರಾನ್ಸಿನ ಫ್ಲೋಬೆರ್ ಎಂಬವನು ೧೮೪೫ರಲ್ಲಿ ಈ ಬಗೆಯ ಚಿಕ್ಕ ಗುಂಡನ್ನು ಮನೆಯೊಳಗಣ ವಿನೋದಕ್ಕಾಗಿ ರಚಿಸಿದನು. ೧೮೫೭ರಲ್ಲಿ, ಹಲಗಲಿಯವರ ಬಂದೂಕುಗಳನ್ನು ಕಸಿಯುತ್ತಿದ್ದ ಆ ವರ್ಷದಲ್ಲಿಯೇ, ಅಮೇರಿಕೆಯ ಸ್ಮಿತ್ ಮತ್ತು ವೆಸ್ಸನ್ ಎಂಬವರು ೦.೨೨ ಅಂಗುಲದ ಮೊದಲ ಕಾಡತೂಸನ್ನು ಮಾರಾಟಕ್ಕೆ ತಂದರು. ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ಎಂಬ ರೂಪವು ೧೮೮೭ರದು. ಅದರ ಸೀಸದ ಗುಂಡು ನಲ್ವತ್ತು ಗ್ರೇನ್ ತೂಕದ್ದು, ಎಂದರೆ ಮೂರು ಗ್ರಾಂ ಸಹ ತುಂಬದು.

ಈ ಚಿಕ್ಕ ಗುಂಡು ಕನ್ನಡ ನಾಡಿಗೆ ಅಪರಿಚಿತವಲ್ಲ. ೧೯೪೮ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ. ದಳದ ವಿದ್ಯಾರ್ಥಿಗಳು ಶಿಬಿರದಲ್ಲಿ ನೆಲಕ್ಕೆ ಒರಗಿ ಮೊದಲು ಹೊಡೆಯುವುದು ಇದನ್ನೇ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಬಂದೂಕುಗಳಿಗೆ ತೋಕ್ ಪೂವೆಂಬ ಹೂ ಮುಡಿಸಿ ಪೂಜಿಸುವರು. ಆ ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ಊರೂರಲ್ಲಿ ನಡೆಯುವವು. ಅವುಗಳಲ್ಲಿ ಪಾಯಿಂಟ್ ಟೂ ಟೂ ಬಂದೂಕಿಗೆ ಪ್ರತ್ಯೇಕವಾದ ವಿಭಾಗವೇ ಉಂಟು. ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ದೊರೆತಿರುವ ವಿನಾಯಿತಿ ಇಂಗ್ಲಿಷರ ಕಾಲದಿಂದ ಬಂದುದು. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರ ವರೆಗೆ ಮುಂದುವರಿಸಿತು. ಇನ್ನು ನೆರೆಯ ಕೊಲ್ಲಾಪುರ ಜಿಲ್ಲೆಯ ಕಂಬಳವಾಡಿಯೆಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ ಎಂಬ ತರುಣನು ೨೦೨೪ರ ಆಗಸ್ಟ್ ೧ರಂದು ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಐವತ್ತು ಮೀಟರು ದೂರದ ಮೂರು ಭಂಗಿಗಳ ಪಂದ್ಯದಲ್ಲಿ ಕಂಚಿನ ಪದಕ ಪಡೆದನು. ಆ ಪಂದ್ಯದಲ್ಲಿ ಭಾರತಕ್ಕೆ ದೊರೆತ ಮೊದಲನೆಯ ಪದಕ ಅದು. ಹೊಡೆದುದು ಇದೇ ಮೂರು ಗ್ರಾಂ ತುಂಬದ ಸೀಸ. ಅವನು ಆಗ ರೈಲ್ವೆಯ ಟಿಕೇಟು ತಪಾಸಣೆಯ ನೌಕರನಾಗಿದ್ದನು, ಶಿಕ್ಷಕರೊಬ್ಬರ ಮಗ. ಈ ವಿದ್ಯೆ ಅರಸುಮಕ್ಕಳ ಸೊತ್ತೆಂಬ ಹಳೆಯ ಭಾವನೆ ಅಂದು ಈ ಕಡೆಯ ಎಷ್ಟೋ ಮನೆಗಳಲ್ಲಿ ಸಡಿಲಿತು.

ಅಂಥ ಮನೆಗಳಲ್ಲಿ ಗಂಗಾವತಿ ಕಡೆಯದೂ ಒಂದು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗೃಹಸ್ಥರು. ಪದವಿ ಮುಗಿಸಿದ ಒಬ್ಬಳೇ ಮಗಳು. ಕಾಲೇಜಿನ ಶಿಬಿರದಲ್ಲಿ ಅವಳ ಕೈಯನ್ನು ಕಂಡ ಸುಬೇದಾರರೊಬ್ಬರು ಇವಳನ್ನು ಬಿಡಬೇಡಿರೆಂದು ಹೇಳಿ ಕಳಿಸಿದ್ದರು. ಆಮೇಲೆ ಎರಡು ವರ್ಷ ಅವಳು ದೂರದ ನಗರವೊಂದರ ಚಾಂದಮಾರಿಗೆ, ಇಂದಿನವರು ರೇಂಜು ಎನ್ನುವ ಗುರಿಮೈದಾನಕ್ಕೆ, ರಜೆಯಲ್ಲೆಲ್ಲ ಹೋಗಿ ಅಲ್ಲಿನ ಸಾಮಾನ್ಯ ಬಂದೂಕಿನಿಂದ ಅಭ್ಯಾಸ ಮಾಡಿದಳು. ಮೊದಲ ವರ್ಷದ ಏಳಿಗೆ ಎರಡನೆಯ ವರ್ಷ ನಿಂತಿತು. ಗುಂಡುಗಳು ಕಾಗದದ ಮೇಲೆ ಚದರಿ ಬೀಳತೊಡಗಿದವು. ನೋಡಿದವರಲ್ಲಿ ಕೆಲವರು ಕೈ ನಡುಗುತ್ತದೆಂದರು, ಕೆಲವರು ಕಣ್ಣು ಮಂದವೆಂದರು, ಇನ್ನು ಕೆಲವರು ಹೆಣ್ಣುಮಕ್ಕಳಿಗೆ ಇದೇತಕ್ಕೆಂದು ಮುಗಿಸಿಬಿಟ್ಟರು. ತಂದೆಗೆ ಮಗಳ ಬಾಡಿದ ಮುಖವನ್ನು ನೋಡಲಾಗಲಿಲ್ಲ. ಒಂದು ಎಕರೆ ಗದ್ದೆಯನ್ನು ಮಾರಿ ಜರ್ಮನಿಯ ಹೊಸ ಬಂದೂಕನ್ನೇ ತರಿಸಿಬಿಡುವೆನೆಂದು ಅವರು ಹೊರಟರು.

“ಅಪ್ಪಾ, ತಪ್ಪಿದ್ದು ನಾನೋ ಬಂದೂಕೋ ಅನ್ನೋದು ಮೊದಲ ತಿಳೀಬೇಕು” ಎಂದಳು ಮಗಳು.

“ಅದಕ್ಕs ಹೊಸಾದು ಕೊಡಸ್ತೀನವ್ವಾ.”

“ಹೊಸಾದು ಬಂದ ಮ್ಯಾಲೂ ತಪ್ಪಿದ್ರ?”

ತಂದೆಯು ಉತ್ತರ ಕೊಡಲಿಲ್ಲ. ಗದ್ದೆಗಿಂತ ದೊಡ್ಡ ವಸ್ತುವೊಂದು ಈ ಪ್ರಶ್ನೆಯಲ್ಲಿ ಪಣಕ್ಕೆ ಬಿದ್ದಿತ್ತು. ತನ್ನದಲ್ಲದ ತಪ್ಪನ್ನು ತನ್ನದೆಂದು ನಂಬಿ ವಿದ್ಯೆಯನ್ನು ಬಿಟ್ಟ ಮಕ್ಕಳು ಲೋಕದಲ್ಲಿ ಕಡಿಮೆಯಿಲ್ಲ. ತನ್ನ ತಪ್ಪನ್ನು ಉಪಕರಣದ ತಲೆಗೆ ಕಟ್ಟಿ ಕೆಟ್ಟವರೂ ಕಡಿಮೆಯಿಲ್ಲ. ಇವೆರಡರ ನಡುವೆ ನಿರ್ಣಯ ಹೇಳತಕ್ಕ ನ್ಯಾಯಸ್ಥಾನ ಯಾವುದು?

ಆ ನ್ಯಾಯಸ್ಥಾನವೇ ಬೆಂಚು. ಗುರಿಯ ಕ್ರೀಡೆಗಳಲ್ಲಿ ‘ಬೆಂಚ್‌ರೆಸ್ಟ್’ ಎಂಬ ಒಂದು ಪ್ರತ್ಯೇಕವಾದ ಶಾಖೆಯುಂಟು. ಅದರಲ್ಲಿ ಗುರಿಕಾರನು ನಿಲ್ಲುವುದಿಲ್ಲ, ಮಂಡಿಯೂರುವುದಿಲ್ಲ, ನೆಲಕ್ಕೆ ಒರಗುವುದೂ ಇಲ್ಲ. ಅಲುಗಾಡದ ಭಾರವಾದ ಮೇಜಿನ ಮುಂದೆ ಕುಳಿತುಕೊಳ್ಳುವನು. ಬಂದೂಕಿನ ಮುಂಭಾಗವು ಒಂದು ಆಸರೆಯ ಮೇಲೂ ಹಿಂಭಾಗವು ಮರಳಿನ ಚೀಲದ ಮೇಲೂ ಕೂತಿರುವುದು. ಗುರಿಯ ಕಾಗದದ ಮೇಲೆ ಇಪ್ಪತ್ತೈದು ಚಿಕ್ಕ ಚಕ್ರಗಳು. ಒಂದೊಂದಕ್ಕೆ ಒಂದೊಂದೇ ಗುಂಡು. ಎಲ್ಲವೂ ನಡುವಿಗೆ ಬಿದ್ದರೆ ಇನ್ನೂರೈವತ್ತು ಅಂಕ. ಕುಳಿತು ಆನಿಸಿ ಹೊಡೆಯುವುದರಲ್ಲಿ ಏನು ಸಾಹಸವೆಂದು ತಿಳಿಯದವರು ನಗುವರು. ಶರೀರದ ನಡುಕವನ್ನು ಆದಷ್ಟು ಕಳೆದುಬಿಟ್ಟ ಮೇಲೆ ಉಳಿದ ಅಲ್ಪದೋಷಗಳೇ ಅಲ್ಲಿ ಪರ್ವತದಂತೆ ಕಾಣುವುದರಿಂದ, ಅದು ನೋಡಿದಷ್ಟು ಸುಲಭವಲ್ಲ. ನಿಂತು ಹೊಡೆಯುವವನಿಗೂ ಬಂದೂಕಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ತರ್ಕವನ್ನು ಓದಿದವರು ಇದನ್ನು ಅನ್ವಯವ್ಯತಿರೇಕವೆಂದು ಕೂಡಲೇ ಗುರುತಿಸುವರು. ಯಾವುದಿದ್ದರೆ ದೋಷವಿರುವುದೋ, ಯಾವುದಿಲ್ಲದಿದ್ದರೆ ದೋಷವಿಲ್ಲವೋ, ಅದೇ ದೋಷಕ್ಕೆ ಕಾರಣ. ಆದುದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬಂದೂಕನ್ನೂ ಕಾಡತೂಸನ್ನೂ ದೂರದರ್ಶಕವನ್ನೂ ಒಟ್ಟಿಗೆ ಬದಲಿಸಿದವನು ಸುಧಾರಣೆಯನ್ನು ಕಂಡರೂ ಅದು ಯಾವುದರಿಂದ ಬಂತೆಂದು ಹೇಳಲಾರನು. ಅಂತೆಯೇ ಅಂಗಡಿಯವನು ಚೌಕಟ್ಟು ಹಾಕಿಸಿ ತೋರಿಸುವ ಒಂದು ಸುಂದರವಾದ ಕಾಗದವನ್ನೂ ನಂಬಲಾಗದು. ಐದು ಗುಂಡುಗಳು ಒಂದೇ ರಂಧ್ರದಲ್ಲಿ ಬಿದ್ದುದು ಒಮ್ಮೆ ದೈವಯೋಗದಿಂದಲೂ ಆಗಬಹುದು. ಐದೈದು ಗುಂಡುಗಳ ಹತ್ತು ಗುಂಪುಗಳನ್ನು ಹೊಡೆದು ಎಲ್ಲವುಗಳ ಸರಾಸರಿಯನ್ನು ನೋಡತಕ್ಕದ್ದು. ಕೆಟ್ಟ ಗುಂಪನ್ನು ಲೆಕ್ಕದಿಂದ ಬಿಡುವುದು ನಾಪಾಸಾದ ಹುಡುಗರನ್ನು ಬಿಟ್ಟು ಶಾಲೆಯ ಫಲಿತಾಂಶ ಹೇಳಿದಂತೆ.

ಇನ್ನೊಂದು ಭೇದವನ್ನೂ ಇಲ್ಲಿ ತಿಳಿಯಬೇಕು. ಗುಂಡುಗಳೆಲ್ಲ ಚಕ್ರದ ನಡುವಿನಿಂದ ದೂರ, ಎಡಕ್ಕೋ ಕೆಳಕ್ಕೋ, ಒಂದೇ ಕಡೆ ಒತ್ತಾಗಿ ಬಿದ್ದರೆ ಅದು ಬಂದೂಕಿನ ದೋಷವಲ್ಲ. ದೃಷ್ಟಿಯ ಕೀಲನ್ನು ತುಸು ತಿರುಗಿಸಿದರೆ ಸರಿಹೋಗುವುದು. ಗುಂಡುಗಳು ಸುತ್ತಲೂ ಚೆದರಿ ಅವುಗಳ ಸರಾಸರಿ ಮಾತ್ರ ನಡುವಿಗೆ ಬಂದರೆ ಅದರಿಂದ ಪ್ರಯೋಜನವಿಲ್ಲ. ಪ್ರತಿಸಲವೂ ಒಂದೇ ತಪ್ಪನ್ನು ಮಾಡುವ ವಿದ್ಯಾರ್ಥಿಯನ್ನು ಉಪಾಧ್ಯಾಯನು ಒಂದು ದಿನದಲ್ಲಿ ತಿದ್ದಬಲ್ಲನು. ಪ್ರತಿಸಲ ಬೇರೊಂದು ತಪ್ಪನ್ನು ಮಾಡುವವನಿಗೆ ವರ್ಷವೂ ಸಾಲದು. ಆದುದರಿಂದ ಬಂದೂಕನ್ನು ಆರಿಸುವಾಗ ನೋಡತಕ್ಕದ್ದು ಗುಂಪಿನ ಒತ್ತನ್ನು, ಗುಂಪಿನ ಸ್ಥಾನವನ್ನಲ್ಲ.

ಬಂದೂಕಿನ ಅಂಗಗಳಲ್ಲಿ ನಳಿಗೆಯೇ ಪ್ರಧಾನ. ಅದರ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುವವು. ಈ ಜಾತಿಯ ಬಂದೂಕಿನಲ್ಲಿ ಆ ಸುರುಳಿಯು ಸಾಮಾನ್ಯವಾಗಿ ಹದಿನಾರು ಅಂಗುಲಕ್ಕೆ ಒಂದು ಸುತ್ತು. ಇಟಗಿಯ ಮಹಾದೇವ ದೇವಾಲಯವನ್ನು ನೋಡಿದವರು ಅಲ್ಲಿನ ಕಂಬಗಳ ನುಣುಪನ್ನು ಮರೆಯಲಾರರು. ೧೧೧೨ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ ಆ ಗುಡಿಯಲ್ಲಿ ಕಲ್ಲನ್ನು ತಿರುಗಣೆಗೆ ಹಾಕಿ ಕಡೆದಂತೆ ಉಂಗುರಗಳು ಒಂದೇ ನಡುವಿನ ಸುತ್ತ ಕೂತಿವೆ. ನಳಿಗೆಗೆ ಬೇಕಾದುದೂ ಅದೇ ಗುಣ: ಕಾಡತೂಸು ಕೂಡುವ ಗೂಡು, ಒಳಗಿನ ರಂಧ್ರ, ಹೊರಗಿನ ಬಾಯಿ ಇವು ಮೂರೂ ಒಂದೇ ಅಕ್ಷದ ಮೇಲಿರಬೇಕು, ಒಳಗಲವು ಆದಿಯಿಂದ ಅಂತ್ಯದ ವರೆಗೆ ಎಲ್ಲಿಯೂ ಸಡಿಲಬಾರದು. ಇವುಗಳಲ್ಲಿ ಬಾಯಿಯ ಅಂಚು ಅತ್ಯಂತ ಸೂಕ್ಷ್ಮವಾದುದು. ಗುಂಡಿಗೆ ನಳಿಗೆಯ ಕೊನೆಯ ಸ್ಪರ್ಶ ಅಲ್ಲಿ. ಅಲ್ಲಿ ಒಂದು ಕಡೆ ಕೂದಲೆಳೆಯಷ್ಟು ಸವೆದಿದ್ದರೂ ಹಿಂದಿನಿಂದ ನುಗ್ಗಿಬರುವ ಹೊಗೆಯು ಗುಂಡಿನ ತಳವನ್ನು ಓರೆಗೆ ತಳ್ಳುವುದು. ಶುದ್ಧಿಮಾಡುವ ಸರಳನ್ನು ಬಾಯಿಯ ಕಡೆಯಿಂದ ತುರುಕಿ ತುರುಕಿ ಎಷ್ಟೋ ಒಳ್ಳೆಯ ನಳಿಗೆಗಳನ್ನು ಜನರು ಹಾಳುಮಾಡಿರುವರು. ಸರಳನ್ನು ಯಾವಾಗಲೂ ಹಿಂದಿನಿಂದಲೇ ಹಾಕಬೇಕು.

ಎರಡನೆಯದು ಬಂದೂಕಿನ ಮರ. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹಸಿಯ ಮರವನ್ನು ಮುಟ್ಟದಿರುವ ಕಾರಣವನ್ನು ಕೊಪ್ಪಳದವರಿಗೆ ಹೇಳಬೇಕಾಗಿಲ್ಲ. ಹದವಾಗಿ ಒಣಗದ ಮರವು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಸೊರಗಿ ಕಬ್ಬಿಣದ ಮೇಲೆ ಬೇರೆ ಬೇರೆ ರೀತಿಯಲ್ಲಿ ಒತ್ತುವುದು. ನಿನ್ನೆಯ ಗುರಿ ಇಂದಿಲ್ಲವಾಗುವುದು. ಆದುದರಿಂದಲೇ ಈಗ ಅನೇಕರು ಪದರುಪದರಾಗಿ ಅಂಟಿಸಿದ ಮರವನ್ನೋ ಅಲ್ಯೂಮಿನಿಯಮ್ಮಿನ ಚೌಕಟ್ಟನ್ನೋ ಆರಿಸುವರು. ಮೂರನೆಯದು ಕುದುರೆ. ಅದು ಹಗುರವಾಗಿರಬೇಕೆಂಬುದಕ್ಕಿಂತ ಪ್ರತಿಸಲವೂ ಒಂದೇ ತೂಕಕ್ಕೆ ಕದಲಬೇಕೆಂಬುದು ಮುಖ್ಯ. ನಾಲ್ಕನೆಯದು ದೃಷ್ಟಿಸಾಧನ. ಬೆಂಚಿನ ಪಂದ್ಯಗಳಲ್ಲಿ ದೂರದರ್ಶಕವನ್ನು ಬಳಸಬಹುದು. ಒಲಿಂಪಿಕ್ ಮಾದರಿಯ ಪಂದ್ಯಗಳಲ್ಲಿ ಬಳಸುವಂತಿಲ್ಲ, ಚಿಕ್ಕ ರಂಧ್ರದ ಮೂಲಕ ನೋಡುವ ದೃಷ್ಟಿಯೇ ಗತಿ. ಆದುದರಿಂದ ಯಾವ ಪಂದ್ಯಕ್ಕೆಂದು ನಿಶ್ಚಯಿಸದೆ ಬಂದೂಕು ಕೊಳ್ಳುವುದು ವರ ನಿಶ್ಚಯವಾಗದೆ ಚಪ್ಪರ ಹಾಕಿದಂತೆ. ಜರ್ಮನಿಯ ಉಲ್ಮ್ ನಗರದ ಆನ್‌ಶುಟ್ಸ್ ಮತ್ತು ವಾಲ್ಟರ್, ಓಬರ್ನ್‌ಡಾರ್ಫಿನ ಫೈನ್‌ವೆರ್ಕ್‌ಬಾವ್, ಸ್ವಿಟ್ಜರ್ಲೆಂಡಿನ ಬ್ಲೈಕರ್ ಮೊದಲಾದ ಹೆಸರುಗಳು ಈ ವಿದ್ಯೆಯಲ್ಲಿ ಪ್ರಸಿದ್ಧವಾದವು. ಆದರೆ ಹೆಸರು ಅನುಮಾನಕ್ಕೆ ಹೇತುವೇ ಹೊರತು ಪ್ರತ್ಯಕ್ಷವಲ್ಲ. ಒಂದೇ ಕಾರ್ಖಾನೆಯ ಅವಳಿ ಬಂದೂಕುಗಳೂ ಒಡಹುಟ್ಟಿದವರಂತೆ ಸ್ವಭಾವದಲ್ಲಿ ಭಿನ್ನವಾಗಿರುವುದುಂಟು.

ಈ ಭಿನ್ನತೆಯು ಹೆಚ್ಚಾಗಿ ಕಾಣುವುದು ಕಾಡತೂಸಿನ ವಿಷಯದಲ್ಲಿ. ದೊಡ್ಡ ಬಂದೂಕಿನ ಕಾಡತೂಸುಗಳನ್ನು ಗುರಿಕಾರನು ತನ್ನ ಕೈಯಾರೆ ಮದ್ದು ತೂಗಿ ತುಂಬಿಕೊಳ್ಳಬಹುದು. ರಿಮ್‌ಫೈರಿನಲ್ಲಿ ಆ ಸ್ವಾತಂತ್ರ್ಯವಿಲ್ಲ, ಕಾರ್ಖಾನೆಯಿಂದ ಬಂದುದೇ ಪ್ರಸಾದ. ಬರ್ಮಿಂಗ್‌ಹ್ಯಾಮಿನ ಇಲೀ, ಫಿನ್‌ಲೆಂಡ್ ಮೂಲದ ಲಾಪುವಾ ಮುಂತಾದವರು ಪಂದ್ಯದ ಕಾಡತೂಸುಗಳನ್ನು ಲಾಟು ಲಾಟಾಗಿ ಸಂಖ್ಯೆ ಹಾಕಿ ಕಳಿಸುವರು. ಒಂದು ಲಾಟು ಒಂದು ನಳಿಗೆಗೆ ಒಲಿಯುವುದು, ಇನ್ನೊಂದಕ್ಕೆ ಒಲಿಯದು. ಕಾರಣವನ್ನು ಮುಂಚಿತವಾಗಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ, ಹೊಡೆದೇ ನೋಡಬೇಕು. ಒಂದು ಬಗೆಯಿಂದ ಇನ್ನೊಂದು ಬಗೆಗೆ ಹೋಗುವಾಗ ನಳಿಗೆಯಲ್ಲಿ ಹಿಂದಿನ ಮೇಣದ ಲೇಪ ಉಳಿದಿರುವುದರಿಂದ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಲಾಗದು. ಒಪ್ಪಿದ ಲಾಟು ಸಿಕ್ಕಿತೆಂದರೆ ಕೈಲಾದಷ್ಟನ್ನೂ ಲೈಸೆನ್ಸು ಅನುಮತಿಸಿದಷ್ಟನ್ನೂ ಒಮ್ಮೆಗೇ ಕೊಳ್ಳತಕ್ಕದ್ದು.

ಲಾಟಿನ ಭೇದವು ಅಷ್ಟು ಮುಖ್ಯವೇ ಎಂದು ಕೇಳುವವರು ಸಣ್ಣದೊಂದು ಗಣಿತವನ್ನು ಮಾಡಿ ನೋಡಲಿ. ಪಂದ್ಯದ ಗುಂಡಿನ ವೇಗವು ಸೆಕೆಂಡಿಗೆ ಸುಮಾರು ೩೨೫ ಮೀಟರು. ಶಬ್ದದ ವೇಗಕ್ಕಿಂತ ತುಸು ಕಡಿಮೆ. ಶಬ್ದದ ವೇಗವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗಿ ಆ ಮೇರೆಯನ್ನು ಹಿಂದಕ್ಕೆ ದಾಟುವಾಗ ತತ್ತರಿಸುವುದರಿಂದ, ಈ ಮಿತಿಯನ್ನು ಬುದ್ಧಿಪೂರ್ವಕವಾಗಿ ಇಟ್ಟಿರುವರು. ಐವತ್ತು ಮೀಟರು ಹೋಗಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಹದಿನಾರು ಪಾಲು ಸಾಕು. ಅಷ್ಟರಲ್ಲಿ ಭೂಮಿಯು ಅದನ್ನು ಸುಮಾರು ಹನ್ನೆರಡು ಸೆಂಟಿಮೀಟರು ಕೆಳಕ್ಕೆ ಎಳೆಯುವುದು. ಈಗ ಒಂದು ಗುಂಡು ಸೆಕೆಂಡಿಗೆ ಮೂರೇ ಮೀಟರು ನಿಧಾನವಾಗಿ ಹೊರಟಿತೆನ್ನಿರಿ, ವೇಗದಲ್ಲಿ ನೂರಕ್ಕೆ ಒಂದರಷ್ಟು ಕೊರತೆ. ಪತನವು ಕಾಲದ ವರ್ಗವನ್ನು ಅನುಸರಿಸುವುದರಿಂದ ಕೊರತೆಯು ಇಮ್ಮಡಿಯಾಗಿ, ಗುಂಡು ಎರಡು ಮಿಲಿಮೀಟರಿಗಿಂತ ಹೆಚ್ಚು ಕೆಳಗೆ ಬೀಳುವುದು. ಅಂತರರಾಷ್ಟ್ರೀಯ ಪಂದ್ಯದ ಐವತ್ತು ಮೀಟರಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲವೇ ೧೦.೪ ಮಿಲಿಮೀಟರು. ಗುರಿಕಾರಳು ಉಸಿರು ಬಿಗಿಹಿಡಿದು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರೂ, ಎಲ್ಲಿಯೋ ದೂರದ ಕಾರ್ಖಾನೆಯಲ್ಲಿ ಸಾಸಿವೆಗಿಂತ ಕಡಿಮೆ ಬಿದ್ದ ಮದ್ದು ಅವಳ ಅಂಕವನ್ನು ಕಸಿಯಬಹುದು.

ಗಾಳಿಯ ಮಾತು ಬೇರೆಯೇ ಆಗಿದೆ. ಆಷಾಢದಲ್ಲಿ ಕುಷ್ಟಗಿಯ ಎರೆಹೊಲಗಳ ಮೇಲೆ ಬೀಸುವ ಗಾಳಿಯನ್ನು ಬಲ್ಲವರಿಗೆ, ಮೂರು ಗ್ರಾಂ ತುಂಬದ ಗುಂಡಿನ ಪಾಡು ಏನಾಗಬಹುದೆಂದು ವಿವರಿಸಬೇಕಾಗಿಲ್ಲ. ಬೆಂಚಿನ ಗುರಿಕಾರರು ಮೈದಾನದ ಉದ್ದಕ್ಕೂ ಚಿಕ್ಕ ಪತಾಕೆಗಳನ್ನು ನೆಟ್ಟು, ಅವು ಒಂದೇ ರೀತಿಯಾಗಿ ಆಡುವ ಕ್ಷಣಕ್ಕಾಗಿ ಕಾಯುವರು. ಬಂದೂಕಿನ ಪರೀಕ್ಷೆಯನ್ನು ಮಾತ್ರ ಗಾಳಿಯಿಲ್ಲದ ಮುಂಜಾವಿನಲ್ಲಿ ಮಾಡುವುದು ಲೇಸು. ಇಲ್ಲವಾದರೆ ಗಾಳಿಯ ತಪ್ಪು ನಳಿಗೆಯ ಮೇಲೆ ಬೀಳುವುದು.

ಗಂಗಾವತ��ಯ ಆ ಹುಡುಗಿಯ ವಿಷಯದಲ್ಲಿಯೂ ಅಂಥ ಒಂದು ಮುಂಜಾವಿನಲ್ಲಿಯೇ ನಿರ್ಣಯವಾಯಿತು. ಚಾಂದಮಾರಿಯ ಶಿಕ್ಷಕರು, ಸೈನ್ಯದಲ್ಲಿ ಆಯುಷ್ಯ ಸವೆಸಿದ ವೃದ್ಧರು, ಮೇಜನ್ನೂ ಮರಳಿನ ಚೀಲಗಳನ್ನೂ ಅಣಿಮಾಡಿದರು. ಮೊದಲು ಅವಳು ತನ್ನ ಎಂದಿನ ಬಂದೂಕಿನಿಂದ ಹತ್ತು ಗುಂಪುಗಳನ್ನು ಹೊಡೆದಳು. ಆಮೇಲೆ ಅದೇ ಬಂದೂಕಿನಿಂದ ಶಿಕ್ಷಕರು ಹೊಡೆದರು. ಇಬ್ಬರ ಗುಂಪುಗಳೂ ಒಂದೇ ಸಮನಾಗಿ ಚದರಿದ್ದವು. ಲಾಟನ್ನು ಬದಲಿಸಿದರು, ಫಲ ಬದಲಾಗಲಿಲ್ಲ. ಬಳಿಕ ಅದೇ ಮೇಜು, ಅದೇ ಲಾಟು, ಅದೇ ಹುಡುಗಿ, ಬಂದೂಕು ಮಾತ್ರ ಬೇರೆ. ಐದು ಗುಂಡುಗಳು ಹುಣಿಸೆ ಬೀಜದಷ್ಟು ಜಾಗದಲ್ಲಿ ಒತ್ತಾಗಿ ಕೂತವು. ಬಹುಜನರ ಕೈಯಲ್ಲಿ ಬಳಕೆಯಾದ ಆ ಹಳೆಯ ಬಂದೂಕಿನ ಬಾಯಿಯನ್ನು ಭೂತಗನ್ನಡಿಯಿಂದ ನೋಡಲಾಗಿ, ಅಂಚು ಒಂದು ಕಡೆ ಸವೆದುಹೋಗಿದ್ದಿತು. ಎರಡು ವರ್ಷಗಳಿಂದ ಅವಳು ಹೊತ್ತಿದ್ದ ಅಪವಾದ ಅಂಗುಲದ ನೂರನೆಯ ಪಾಲಿನಷ್ಟು ಕಬ್ಬಿಣದ್ದು.

ಲೈಸೆನ್ಸುಳ್ಳ ಕುಶಲಿಯೊಬ್ಬನು ನಳಿಗೆಯ ಬಾಯಿಯನ್ನು ಚೂರು ಕೊಯ್ದು ಹೊಸ ಅಂಚು ಕಡೆದುಕೊಟ್ಟನು. ಅದರ ಖರ್ಚು ಗದ್ದೆಯ ಬೆಲೆಯ ಮುಂದೆ ಎಣಿಕೆಗೆ ಸಿಕ್ಕುವಂಥದಲ್ಲ. ಗುಂಪುಗಳು ಅರ್ಧಕ್ಕಿಂತ ಚಿಕ್ಕವಾದವು. ಗದ್ದೆ ಮಾರಾಟವಾಗಲಿಲ್ಲ. ಅದೇ ಬಂದೂಕಿನಿಂದ ಅವಳು ಇನ್ನೂ ಒಂದು ವರ್ಷ ಅಭ್ಯಾಸಮಾಡಿದಳು. ಅವಳ ಹಿಂದೆ ಬಂದ ಹುಡುಗರಿಗೂ ಅದು ಉಪಯೋಗವಾಯಿತು.

ಆ ವರ್ಷವು ವ್ಯರ್ಥವಾಗಿ ಕಳೆಯಲಿಲ್ಲ. ಬಂದೂಕು ಬೇಕೆಂದವರು ೧೯೫೯ರ ಆಯುಧ ಕಾಯಿದೆಯ ಪ್ರಕಾರ ಅರ್ಜಿ ಹಾಕಬೇಕು; ಇಪ್ಪತ್ತೊಂದು ವರ್ಷ ತುಂಬಿರಬೇಕು; ಪೋಲೀಸರ ವಿಚಾರಣೆ ಮುಗಿದು ಜಿಲ್ಲಾಧಿಕಾರಿಗಳ ಕಚೇರಿಯಿಂದ ಅಪ್ಪಣೆ ಬರಬೇಕು. ಈ ವಿಳಂಬವನ್ನು ಶಪಿಸುವವರೇ ಹೆಚ್ಚು. ಆದರೆ ಕೊಪ್ಪಳ ಸೀಮೆಯ ಇತಿಹಾಸವನ್ನು ಬಲ್ಲವರು, ಬಂದೂಕು ಕೈಗೆ ಬರುವ ಮುನ್ನ ಮನಸ್ಸಿಗೆ ಇಷ್ಟು ವ್ಯವಧಾನ ದೊರೆಯುವುದು ಒಳ್ಳೆಯದೆಂದೇ ಹೇಳುವರು. ತಂದೆಯು ಆ ತಿಂಗಳುಗಳಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಕಪಾಟನ್ನು ಮಾಡಿಸಿದರು. ಬಂದೂಕಿಗೆ ಒಂದು ಬೀಗ, ಕಾಡತೂಸಿಗೆ ಬೇರೊಂದು ಬೀಗ, ಬೀಗದ ಕೈ ಮಾತ್ರ ಹಿರಿಯರ ಹತ್ತಿರ. ಅಜ್ಜಿಯು ಅದನ್ನು ನೋಡಿದ ಮೇಲೆಯೇ ಸಮಾಧಾನ ತಾಳಿದರು.

ಕೊನೆಗೆ ಕೊಂಡ ಬಂದೂಕು ಹೊಸದಲ್ಲ. ಹೊಸದಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಆದರೆ ಈ ಚಿಕ್ಕ ಗುಂಡಿನ ನಳಿಗೆಯು ಸರಿಯಾಗಿ ಕಾಪಾಡಿದರೆ ಹತ್ತಾರು ಸಾವಿರ ಗುಂಡುಗಳಿಗೂ ಕೆಡದು. ಪಂದ್ಯದಿಂದ ನಿವೃತ್ತರಾದವರು ಮಾರುವ ಬಂದೂಕನ್ನು ಕಾಯಿದೆಯ ಪ್ರಕಾರ ಕೊಳ್ಳುವುದು ಮಧ್ಯಮವರ್ಗದವರಿಗೆ ವಿಹಿತವಾದ ದಾರಿ. ಮೂರು ಬಂದೂಕುಗಳನ್ನು ಒಂದೇ ಮೇಜಿನ ಮೇಲೆ, ಒಂದೇ ಮುಂಜಾವಿನಲ್ಲಿ, ಒಂದೇ ಲಾಟಿನಿಂದ ಪರೀಕ್ಷಿಸಿದರು. ಅವುಗಳಲ್ಲಿ ಅತ್ಯಂತ ಸುಂದರವಾದುದು ಮೂರನೆಯ ಸ್ಥಾನಕ್ಕೆ ಹೋಯಿತು. ಮರದ ಮೇಲೆ ಗೀರುಗಳಿದ್ದ, ಯಾರೂ ಕಣ್ಣೆತ್ತಿ ನೋಡದಿದ್ದ ಒಂದನ್ನು ಹುಡುಗಿಯು ಮನೆಗೆ ತಂದಳು.

ಇಷ್ಟಾದ ಮೇಲೆ ಅವಳ ಗುಂಡುಗಳೆಲ್ಲ ನಡುವಿಗೇ ಬಿದ್ದುವೆಂದು ಹೇಳಿದರೆ ಅದು ಕಥೆಯಾದೀತು. ಹಾಗೆ ಆಗಲಿಲ್ಲ. ನಿಂತು ಹೊಡೆಯುವಾಗ ಅವಳ ಗುಂಡುಗಳು ಈಗಲೂ ಬಲಕ್ಕೆ ಸರಿಯುತ್ತವೆ. ಆದರೆ ಅವು ತನ್ನವೆಂದು ಅವಳಿಗೆ ನಿಶ್ಚಯವಾಗಿ ಗೊತ್ತಿದೆ. ಒಳ್ಳೆಯ ಉಪಕರಣದ ಪ್ರಯೋಜನವು ತಪ್ಪನ್ನು ಇಲ್ಲವಾಗಿಸುವುದಲ್ಲ. ಅದು ಯಾರದೆಂದು ತೋರಿಸುವುದು. ತನ್ನದೆಂದು ತಿಳಿದ ತಪ್ಪನ್ನು ತಿದ್ದಲು ಮನುಷ್ಯನಿಗೆ ಧೈರ್ಯ ಬರುವುದು. ಯಾರದೆಂದು ತಿಳಿಯದ ತಪ್ಪು ಮನಸ್ಸನ್ನು ಕೊರೆಯುತ್ತಲೇ ಇರುವುದು.

ಕಿಷ್ಕಿಂಧೆಯ ಕಥೆಯಲ್ಲಿ ಇನ್ನೂ ಒಂದು ಪಾಠ ಉಳಿದಿದೆ. ಏಳು ಮರಗಳನ್ನು ಭೇದಿಸಿದ ಆ ಬಿಲ್ಲುಗಾರನೂ ವಾಲಿಸುಗ್ರೀವರು ಮೊದಲ ಸಲ ಹೆಣಗುತ್ತಿದ್ದಾಗ ಬಾಣ ಬಿಡಲಿಲ್ಲ. ಇಬ್ಬರೂ ಒಂದೇ ರೂಪದವರಾದುದರಿಂದ ಗುರಿ ಯಾವುದೆಂದು ಸ್ಪಷ್ಟವಾಗದೆ ಅವನು ಕೈ ತಡೆದನು. ಸುಗ್ರೀವನು ಪೆಟ್ಟು ತಿಂದು ಓಡಿಬಂದು ಕೋಪಿಸಿದರೂ ರಾಮನು ಅದಕ್ಕಾಗಿ ನಾಚಲಿಲ್ಲ. ಗಜಪುಷ್ಪಿಯ ಬಳ್ಳಿಯನ್ನು ಲಕ್ಷ್ಮಣನು ಅವನ ಕೊರಳಿಗೆ ಹಾಕಿದ ಬಳಿಕವೇ ಎರಡನೆಯ ಸಲ ಬಿಲ್ಲೆತ್ತಿದನು. ಚಾಂದಮಾರಿಯ ಆ ವೃದ್ಧ ಶಿಕ್ಷಕರು ಹೊಸಬರಿಗೆ ಮೊದಲ ದಿನ ಕಾಡತೂಸನ್ನೇ ಕೊಡುವುದಿಲ್ಲ. ನಳಿಗೆಯು ಯಾವ ಕಡೆಗಿದೆ, ಗುರಿಯ ಹಿಂದೆ ಏನಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿಸಿ, ಕುದುರೆಯಿಂದ ಬೆರಳನ್ನು ದೂರವಿಡುವ ಅಭ್ಯಾಸ ಮಾಡಿಸಿ ಮನೆಗೆ ಕಳಿಸುವರು. ಬಂದೂಕನ್ನು ಆರಿಸತಕ್ಕವರು ಆ ಪಾಠದಿಂದ ಆರಂಭಿಸಿದರೆ, ಮಿಕ್ಕುದನ್ನು ಬೆಂಚೂ ಮುಂಜಾವೂ ಕಲಿಸಿಕೊಡುವವು.